ನಮ್ಮ ಎರಿ ಹೊಲಕ್ಕೆ ಇಮಾನ ಇಳಿದ ಬೇಸಿಗೆ

ಆಗೆಲ್ಲ ನಮ್ಮೂರ ಆಕಾಶದಲ್ಲಿ ಹದ್ದು, ಗಿಳಿ, ಬೆಳ್ಳಕ್ಕಿ ಬಿಟ್ಟರೆ ಬೇರೇನೂ ಹಾರುತ್ತಿರಲಿಲ್ಲ. ನಮ್ಮೂರು ನವಲಿಯ ಸುತ್ತ ಈಗ ಕಾಣುವ ಭತ್ತದ ಗದ್ದೆಗಳೂ ಆಗ ಇರಲಿಲ್ಲ. ಕಣ್ಣು ಹಾಯುವವರೆಗೂ ಕಪ್ಪು ಎರಿ ಹೊಲ. ಹಿಂಗಾರಿ ಜೋಳ ಕಿತ್ತು ರಾಶಿ ಮಾಡಿದ ಮೇಲೆ ಆ ನೆಲ ಬಿಸಿಲಿಗೆ ಬಾಯಿ ಬಿಡುತ್ತಿತ್ತು. ನಾವು ಹುಡುಗಿಯರು ಬಿರುಕಿನೊಳಗೆ ಮೊಳಕೈಯವರೆಗೂ ಕೈ ಇಳಿಬಿಟ್ಟು ಕೂಡುತ್ತಿದ್ದೆವು. ಮೇಲೆ ಬೆಂಕಿಯಂಥ ಬಿಸಿಲು, ಒಳಗೆ ಹೋದ ವರ್ಷದ ಮಳೆಯ ತಂಪು.

ನಿಜಾಮರ ಆಳ್ವಿಕೆಯ ಕಾಲ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಅದು ಊರಿಗೆ ಮುಟ್ಟಿದ್ದು ಸೀಮೆಎಣ್ಣೆ ಸಿಗದಾದಾಗ, ಸಕ್ಕರೆ ಕಾಣದಾದಾಗ. ನಮ್ಮ ಮನೆಗೆ ಮುಟ್ಟಿದ್ದು ಬಸಣ್ಣ ಕಾಕಾ ಹೋದಾಗ. ಕಾಕಾ ನಮ್ಮಪ್ಪನ ತಮ್ಮ. ಇನ್ನೂ ಮೀಸೆ ಸರಿಯಾಗಿ ಮೂಡಿರಲಿಲ್ಲ. ಗಂಗಾವತಿ ಸಂತೆಗೆ ಎತ್ತು ಹೊಡೆದುಕೊಂಡು ಹೋದವನು ಎತ್ತನ್ನು ಪರಿಚಯದವರ ಕೈಗೆ ಕೊಟ್ಟು, ಬಳ್ಳಾರಿಯ ಲಾರಿ ಹತ್ತಿ ದಂಡು ಸೇರಿಬಿಟ್ಟ. ಕುಷ್ಟಗಿ ಕಡೆಯ ಒಬ್ಬ ಸಿಪಾಯಿ ಗಾಯಗೊಂಡು ಮರಳಿ ಬಂದಾಗ, "ನಿಮ್ಮ ಬಸಣ್ಣನ್ನ ಬರ್ಮಾದ ಗಡಿಯಾಗ ನೋಡೇನಿ, ನಡಿಯೋ ದಂಡಿನ್ಯಾಗ ಅದಾನ" ಎಂದು ಹೇಳಿ ಹೋದ. ಆಮೇಲೆ ಏನೂ ಸುದ್ದಿಯಿಲ್ಲ. ಆಯಿ, ಅಂದರೆ ನಮ್ಮಪ್ಪನ ತಾಯಿ, ಅಂದಿನಿಂದ ಮಗನ ಹೆಸರು ಎತ್ತುವುದನ್ನೇ ಬಿಟ್ಟಿದ್ದಳು. ರೊಟ್ಟಿ ಬಡಿಯುವಾಗ ಮಾತ್ರ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಯುದ್ಧ ನಮ್ಮ ಆಟದೊಳಗೂ ಹೊಕ್ಕಿತ್ತು. ಒಣಗಿದ ಹಳ್ಳದ ಉಸುಕಿನಲ್ಲಿ ಮಕ್ಕಳೆಲ್ಲ ಮೂರು ದಂಡು ಕಟ್ಟಿಕೊಳ್ಳುತ್ತಿದ್ದೆವು. ಗೌಡರ ಮೊಮ್ಮಗ ಗಾಳಿ ದಂಡಿನ ಹಿರಿಯ. ಎರಡೂ ತೋಳು ಚಾಚಿ ದಂಡೆಯ ಮೇಲಿಂದ ಹಾರಿ ಎಲ್ಲರ ಮೇಲೆ ಬೀಳುವುದು ಅವನ ಕೆಲಸ. ಕಾಕಾನ ದೆಸೆಯಿಂದ ನೆಲದ ದಂಡು ನನ್ನದು. ನೀರಿನ ದಂಡು ಯಾರಿಗೂ ಬೇಡವಾಗಿತ್ತು. ಅದನ್ನು ನನ್ನ ಗೆಳತಿ ಖತಿಜಾಳ ತಲೆಗೆ ಕಟ್ಟಿದ್ದೆವು.

"ಹಳ್ಳದಾಗ ಹನಿ ನೀರಿಲ್ಲ, ನಾ ಎಲ್ಲಿ ಹಡಗ ಬಿಡ್ಲಿ?" ಎಂದು ಅವಳು ದಿನಾ ಅಳುವ ಹಾಗಾಗುತ್ತಿದ್ದಳು.

ಖತಿಜಾಳ ಮನೆ ನಮ್ಮ ಗೋಡೆಗೆ ಹತ್ತಿಕೊಂಡೇ ಇತ್ತು. ಅವರ ಅಂಗಳದಲ್ಲಿ ಗಜ್ಜುಗ ಆಡುತ್ತ, ಅವರಮ್ಮ ಕೊಟ್ಟ ಬೆಲ್ಲ ತಿನ್ನುತ್ತ ನನಗೆ ಉರ್ದು ಮಾತು ತಾನಾಗಿಯೇ ಬಂದಿತ್ತು. ಅದು ಕಲಿತದ್ದು ಎಂಬುದೇ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಗೌಡರು, "ಇನ್ನ ಮುಂದ ನೆಲದ ಮ್ಯಾಲಿನ ದಂಡಿಗೆ ಕಿಮ್ಮತ್ತಿಲ್ಲ ನೋಡ್ರಿ. ಎಲ್ಲಾ ಮ್ಯಾಲಿಂದನ ನಡಿತೈತಿ. ಕೆಳಗಿನವರು ಬರೇ ಸಾಯಾಕ" ಎಂದರು. ನಾನು ಅಳುತ್ತ ಮನೆಗೆ ಓಡಿದೆ.

"ಆಯಿ, ಕಾಕಾನ ದಂಡು ಸಣ್ಣದಂತ, ಖರೇನ?"

ಆಯಿ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಮ್ಯಾಲೆ ಹಾರಿದವರೂ ಉಣ್ಣಾಕ ಕೆಳಗ ಇಳೀಬೇಕಲ್ಲ. ನಡಿ, ತಾಟ ತಗೊಂಬಾ" ಎಂದಳು. ಅವಳ ಕಣ್ಣು ಮಾತ್ರ ಹೆಂಚಿನ ಮೇಲೆ ಇರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ನಾನೂ ಖತಿಜಾಳೂ ನಮ್ಮ ಹೊಲದಲ್ಲಿ ಒಲೆಗೆಂದು ಜೋಳದ ಕೂಳೆ ಆಯುತ್ತಿದ್ದೆವು. ಮುಂಜಾನೆಯ ಬಿಸಿಲು ಏರುತ್ತಿತ್ತು. ಹೆಜ್ಜೇನು ಎದ್ದಂಥ ಸದ್ದು ಕೇಳಿಸಿತು. ಇಬ್ಬರೂ ಬುಟ್ಟಿ ಬಿಸಾಕಿ, ಸೆರಗಿಲ್ಲದ ಕಾರಣ ಉಟ್ಟ ಲಂಗವನ್ನೇ, ಅಂದರೆ ಪರಕಾರವನ್ನೇ, ತಲೆಗೆ ಹೊದ್ದು ಬೋರಲು ಬಿದ್ದೆವು. ಸದ್ದು ದೊಡ್ಡದಾಯಿತು. ಆಮೇಲೆ ಬಿಕ್ಕಳಿಸಿತು. ಮತ್ತೆ ಬಿಕ್ಕಳಿಸಿ ಒಮ್ಮೆಲೇ ನಿಂತುಹೋಯಿತು. ಸದ್ದಿಗಿಂತ ಆ ನಿಶ್ಶಬ್ದಕ್ಕೇ ನಾನು ಹೆಚ್ಚು ಹೆದರಿದೆ. ತಲೆಯೆತ್ತಿದರೆ ನಮ್ಮ ಮೇಲೆ ಒಂದು ನೆರಳು ಹಾದುಹೋಯಿತು, ಜತೆಗೆ ತಣ್ಣನೆಯ ಗಾಳಿ.

ರೆಕ್ಕೆ ಬಡಿಯದೆ ಬರುವ ಹಕ್ಕಿಯ ಹಾಗೆ ಅದು ಬಂತು, ವಿಮಾನ, ನಮ್ಮೂರ ಬಾಯಲ್ಲಿ ಇಮಾನ. ನೆಲ ಮುಟ್ಟಿ ಪುಟಿಯಿತು, ಮತ್ತೆ ಮುಟ್ಟಿತು, ಧೂಳೆಬ್ಬಿಸಿಕೊಂಡು ಓಡಿತು, ಒಂದು ಗಾಲಿಯ ಕಾಲು ಸೊಟ್ಟಾಗಿ ವಾಲಿ, ನಮ್ಮ ಹೊಲದ ಮಣ್ಣಿನ ಒಡ್ಡಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ಧೂಳು ಇಳಿದ ಮೇಲೆ ಚರ್ಮದ ಟೊಪ್ಪಿಗೆಯ ಒಬ್ಬ ಹುಡುಗ ಬಾಗಿಲು ತೆಗೆದು ಇಳಿದ, ನಮ್ಮಿಬ್ಬರನ್ನು ಕಂಡು, "ಪಾನಿ" ಎಂದ.

ಊರಿಗೆ ಊರೇ ಹೊಲಕ್ಕೆ ಬಂತು. ಯಾರೋ ಕಾಯಿ ಒಡೆದರು. ಯಾರೋ ಅಡ್ಡಬಿದ್ದರು. ಆಯಿ ಮಾತ್ರ ಆ ಹುಡುಗನ ಕೈಗೆ ಅಂಬಲಿಯ ಚರಿಗೆ ಕೊಟ್ಟು, ಅವನು ಕುಡಿಯುವುದನ್ನು ನೋಡುತ್ತ ನಿಂತಳು. ಚರಿಗೆ ಬರಿದಾದ ಮೇಲೆ ಇಮಾನದ ಹತ್ತಿರ ಹೋಗಿ ಅದರ ಹೊಟ್ಟೆಯನ್ನು ಬೆರಳಿನಿಂದ ಬಡಿದಳು. ಆಕಳ ಮೈ ಮುಟ್ಟಿದ ಹಾಗೆ ಅಂಗೈ ಆಡಿಸಿದಳು.

"ಯವ್ವಾ! ಇದು ಬಟ್ಟಿ ಐತಲ್ಲೇ!"

ನಾವೆಲ್ಲ ಮುಟ್ಟಿ ನೋಡಿದೆವು. ಹೌದು, ಬಟ್ಟೆಯೇ. ಒಳಗೆ ಕೊಳವೆಯ ಹಂದರ, ಮೇಲೆ ಬಿಗಿದ ಬಟ್ಟೆ, ಅದರ ಮೇಲೆ ಬಣ್ಣ. ಕಬ್ಬಿಣದ ರಾಕ್ಷಸ ಎಂದುಕೊಂಡಿದ್ದು ತೊಟ್ಟಿಲಿನಷ್ಟು ಹಗುರ. ಕಬ್ಬಿಣವಾಗಿದ್ದರೆ ಹಾರುವುದನ್ನು ನಾನು ನಂಬುತ್ತಿದ್ದೆನೇನೋ. ನಮ್ಮ ಪರಕಾರದಂಥ ಬಟ್ಟೆ ಮನುಷ್ಯನನ್ನು ಹೊತ್ತು ಮೋಡದವರೆಗೆ ಹೋಗುತ್ತದೆ ಎಂಬುದು ಇವತ್ತಿಗೂ ನನ್ನ ಮೈ ಜುಮ್ಮೆನಿಸುತ್ತದೆ.

ಆ ಹುಡುಗ ಪಂಜಾಬದ ಕಡೆಯವನು. ಊರವರು ಅವನನ್ನು ಇಮಾನದ ಸಾಹೇಬ ಎಂದರು. ಅವನು ಗೌಡರ ಮನೆಯಲ್ಲಿ ಉಳಿದ. ಬಳ್ಳಾರಿಗೆ ಸುದ್ದಿ ಹೋಗಿ, ಅಲ್ಲಿಂದ ಒಬ್ಬ ಹವಾಲ್ದಾರ, ನಾಲ್ಕು ಜನ ಸಿಪಾಯಿಗಳು, ತಗಡಿನ ಪೆಟ್ಟಿಗೆ ಹಿಡಿದ ಒಬ್ಬ ಮಿಸ್ತ್ರಿ ಬಂದರು. ಬನ್ನಿಗಿಡದ ಕೆಳಗೆ ಡೇರೆ ಎದ್ದಿತು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ ಹೊತ್ತುಕೊಂಡು ನಾನೂ ಖತಿಜಾಳೂ ದಿನಾ ಹೋಗುತ್ತಿದ್ದೆವು. ಅಲ್ಲಿ ಪೆಟ್ರೋಲಿನ ವಾಸನೆಯೂ ಚಟ್ನಿಯ ವಾಸನೆಯೂ ಬೆರೆತು ಬೇರೆಯೇ ಒಂದು ವಾಸನೆ ಆಗಿತ್ತು.

ನಮ್ಮ ಜಗಳವನ್ನು ಅಲ್ಲಿಗೂ ಒಯ್ದೆವು. ಯಾವ ದಂಡು ದೊಡ್ಡದು ಎಂದು ಕೇಳಿದೆವು. ಸಾಹೇಬ ನಗುತ್ತ, ಹವಾಲ್ದಾರನ ಮಂದಿ ಒಂದು ತಿಂಗಳು ನಡೆಯುವ ದಾರಿಯನ್ನು ತಾನು ಊಟದ ಹೊತ್ತಿನೊಳಗೆ ದಾಟುತ್ತೇನೆ ಎಂದ. ಗೌಡರ ಮೊಮ್ಮಗ ತೋಳು ಚಾಚಿ ಕುಣಿದ. ಹವಾಲ್ದಾರನ ಮೀಸೆ ಮೇಲೆದ್ದಿತು.

"ಹೌದು ಸಾಹೇಬ. ಆದರೆ ನೀವು ಬಿದ್ದಾಗ ನಿಮ್ಮನ್ನು ಕಾಯಲು ನಡೆದೇ ಬಂದವರು ಯಾರು?" ಎಂದು ಅವನು ಉರ್ದುವಿನಲ್ಲಿ ಕೇಳಿದ. ಈಗ ನಾನು ಕುಣಿದೆ.

ಖತಿಜಾ ಒಂದು ಮೂಲೆಯಲ್ಲಿ ಮುಖ ಸಣ್ಣ ಮಾಡಿಕೊಂಡು ಪೆಟ್ರೋಲ್ ಡಬ್ಬಿಗಳನ್ನು ನೋಡುತ್ತಿದ್ದಳು. "ಈ ಎಣ್ಣೆ ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು. ಸಮುದ್ರದ ಆಚೆಯಿಂದ, ಹಡಗಿನಲ್ಲಿ. ದಾರಿಯಲ್ಲಿ ಎಷ್ಟೋ ಹಡಗು ಮುಳುಗುತ್ತವೆ, ಆದರೂ ತರುತ್ತಾರೆ ಎಂದ ಹವಾಲ್ದಾರ. ಖತಿಜಾ ಎದ್ದು ನಿಂತಳು. ಅವಳು ಕುಣಿಯಲಿಲ್ಲ. ಡಬ್ಬಿಯ ಮೇಲೆ ಕೈಯಿಟ್ಟು, "ಮುಳುಗಿದವರೂ ನಮ್ಮ ದಂಡಿನವರ" ಎಂದಳು. ಮರುದಿನದಿಂದ ಹಳ್ಳದ ಆಟದಲ್ಲಿ ಅವಳನ್ನು ಯಾರೂ ಅಳಿಸಲಿಲ್ಲ.

ಗಾಲಿ ನೆಟ್ಟಗಾಯಿತು, ಎಂಜಿನ್ನೂ ಸರಿಹೋಯಿತು. ಆದರೆ ಇಮಾನ ಏಳಲು ಗಾಳಿಗೆ ಎದುರಾಗಿ ಪಡುವಣಕ್ಕೆ ಓಡಬೇಕಂತೆ. ಪಡುವಣಕ್ಕೆ ಇದ್ದದ್ದು ನಮ್ಮ ಒಡ್ಡು. ಆ ಕಡೆ ಈ ಕಡೆ ಎರಡೂ ಹೊಲ ನಮ್ಮವೇ. ಒಡ್ಡು ಒಡೆದು ಎರಡನ್ನೂ ಒಂದು ಮಾಡಿದರೆ ಮಾತ್ರ ಓಡಲು ಜಾಗ. ಅದೂ ಮಳೆಗೆ ಮೊದಲೇ ಆಗಬೇಕು. ಎರಿ ಮಣ್ಣು ಒಮ್ಮೆ ನೆನೆದರೆ ಎತ್ತಿನ ಕಾಲೇ ಹೂತುಹೋಗುತ್ತದೆ, ಇಮಾನ ಅಲ್ಲೇ ಕೊಳೆಯುತ್ತಿತ್ತು.

ಆ ಒಡ್ಡು ಇದ್ದದ್ದಕ್ಕೇ ನಾವು ಉಣ್ಣುತ್ತಿದ್ದೆವು. ಮಳೆಯ ನೀರನ್ನು ಹೊಲದಲ್ಲಿ ನಿಲ್ಲಿಸಿ ಕುಡಿಸುವುದು ಅದು. ನಾನು ಕಾಣದ ನನ್ನಜ್ಜನೂ ಆಯಿಯೂ ಮದುವೆಯಾದ ಹೊಸದರಲ್ಲಿ, ಬೇಸಿಗೆ ಬೇಸಿಗೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು, ಕಲ್ಲು ಜೋಡಿಸಿ ಏರಿಸಿದ್ದು. ಅಪ್ಪ ಹುಟ್ಟುವ ಹಿಂದಿನ ದಿನವೂ ಆಯಿ ಅದರ ಮೇಲೆ ಮಣ್ಣು ಹಾಕಿದ್ದಳಂತೆ.

"ಸರ್ಕಾರದ ಕೆಲಸ ಐತಿ, ಕೇಳೋದೇನೈತಿ? ಒಡೀರಿ" ಎಂದು ಗೌಡರು ಆಳುಗಳಿಗೆ ಗುದ್ದಲಿ ಕೊಟ್ಟು ಕಳಿಸಿದರು. ಅವರು ಹೋಗುವ ಹೊತ್ತಿಗೆ ಆಯಿ ಒಡ್ಡಿನ ನಡುಮಧ್ಯೆ ಕೂತಿದ್ದಳು. ತಲೆಯ ಮೇಲೆ ಸೆರಗು, ಮಡಿಲಲ್ಲಿ ಎಲೆಅಡಿಕೆಯ ಚೀಲ. ಅಪ್ಪ ದೂರ ನಿಂತು ನೆಲ ನೋಡುತ್ತಿದ್ದ. ಅವನು ಎಂದೂ ತನ್ನವ್ವನ ಮಾತು ಮೀರಿದವನಲ್ಲ.

"ಏಳಬೇ, ಹುಚ್ಚಿ ಆಗಿಯೇನು?" ಎಂದರು ಗೌಡರು.

"ನನ್ನ ಮ್ಯಾಲ ಗುದ್ದಲಿ ಹಾಕ್ರಿ. ಆಮ್ಯಾಲ ಒಡ್ಡಿಗೆ ಹಾಕ್ರಿ."

ಆಳುಗಳು ಗುದ್ದಲಿ ಕೆಳಗಿಟ್ಟರು. ಅಷ್ಟರಲ್ಲಿ ಸಾಹೇಬ ಬಂದ. ಗೌಡರನ್ನು ಕೈಸನ್ನೆಯಿಂದ ಸುಮ್ಮನಿರಿಸಿ, ಒಡ್ಡಿನ ಕೆಳಗೆ ಬಿಸಿ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಆಯಿ ಮೇಲೆ, ಅವನು ಕೆಳಗೆ. ನಡುವೆ ಇಳಿಜಾರಿನಲ್ಲಿ ನಾನು. ನನ್ನನ್ನು ಕರೆದದ್ದು ಆಯಿಯೇ.

"ಗಿರಿಜಾ, ನಾ ಹೇಳಿದ್ದು ಹೇಳಿದಂಗ ಅವಗ ಹೇಳು. ಅವ ಹೇಳಿದ್ದು ಹೇಳಿದಂಗ ನನಗ ಹೇಳು. ಒಂದು ಮಾತು ಹೆಚ್ಚಿಲ್ಲ, ಕಡಿಮಿಲ್ಲ."

ನಾನು ಇಬ್ಬರಿಗೂ ಕಾಣುವ ಹಾಗೆ ತಿರುಗಿ ಕೂತೆ.

"ನನ್ನ ಮಗ ನಡಿಯೋ ದಂಡಿನ್ಯಾಗ ಅದಾನ. ಬರ್ಮಾದ ಅಡವ್ಯಾಗ. ಗೌಡರು ಹೇಳ್ತಾರ, ನಡಿಯೋ ದಂಡಿಗೆ ಈಗ ಕಿಮ್ಮತ್ತಿಲ್ಲ, ಹಾರೋದ ದೊಡ್ಡದಂತ. ಇರಲಿ. ಕೇಳ ಅವನ್ನ, ಈ ಹಾರೋದು ನನ್ನ ಮಗಗ ಏನ್ ಮಾಡತೈತಿ? ನಾ ಯಾಕ ಒಡ್ಡು ಬಿಡಬೇಕು?"

ನಾನು ಹೇಳಿದೆ. ಸಾಹೇಬನ ಮುಖದ ನಗೆ ಹೋಯಿತು. ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಮೆಲ್ಲಗೆ ಹೇಳಿದ. ಆ ಅಡವಿಯಲ್ಲಿ ವೈರಿಗಳು ದಾರಿ ಕಟ್ಟಿದಾಗ ದೊಡ್ಡ ಇಮಾನಗಳು ಮೇಲಿಂದ ಅಕ್ಕಿಯ ಚೀಲ, ಔಷಧಿ ಹಾಕುತ್ತವೆ. ಅದನ್ನುಂಡೇ ಕೆಳಗಿನವರು ಬದುಕುತ್ತಾರೆ.

"ಇದೂ ಹಾಕತೈತಾ?"

ಇಲ್ಲ, ಎಂದ. ಇದು ಸಣ್ಣದು. ಇದು ಅಡವಿಯ ಮೇಲೆ ತಿರುಗಿ, ನಮ್ಮವರು ಎಲ್ಲಿದ್ದಾರೆ, ಅವರ ಸುತ್ತ ಏನಿದೆ ಎಂದು ನೋಡಿ ಹಿಂದಿನವರಿಗೆ ತಿಳಿಸುತ್ತದೆ. ಅಷ್ಟೇ.

ಆಯಿ ಮುಂದಕ್ಕೆ ಬಾಗಿದಳು. "ಅಂದ್ರ, ನನ್ನ ಮಗನ್ನ ನೋಡತೈತಿ?"

ಸಾಹೇಬ ಸುಳ್ಳು ಹೇಳಬಹುದಿತ್ತು. ಒಂದು ಮಾತು 'ಹೌದು' ಎಂದಿದ್ದರೆ ಮುಗಿಯುತ್ತಿತ್ತು. ಅವನು ಇಲ್ಲವೆಂದು ತಲೆಯಾಡಿಸಿದ. ಅಲ್ಲಿ ಗಿಡಮರ ಬಹಳ ದಟ್ಟ. ಎಷ್ಟೋ ಸಲ ಮೇಲಿಂದ ಎಲೆ ಬಿಟ್ಟರೆ ಏನೂ ಕಾಣುವುದಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ ಎಂದ. ನಾನು ಅದನ್ನೂ ಹೇಳಿದೆ. "ಬರೇ ತಪ್ಪಲ ಕಾಣತೈತಂತ ಆಯಿ. ಮಂದಿ ಕಾಣಂಗಿಲ್ಲಂತ."

ಆಯಿ ಬಾಯೊಳಗಿನ ಎಲೆ ಜಗಿಯುವುದನ್ನು ನಿಲ್ಲಿಸಿದಳು.

"ಕಾಣದಿದ್ರೂ ನೋಡ್ತೀರಿ?"

ನಾನು ಕೇಳಿದೆ. ಅವನು ನನ್ನ ಕಡೆ ನೋಡದೆ, ನೇರ ಅವಳನ್ನು ನೋಡಿ ಹೇಳಿದ: "ದೇಖ್ತೇ ಹೈಂ, ಮಾಜಿ."

ನೋಡುತ್ತೇವೆ ತಾಯಿ ಎಂಬ ಆ ಮಾತನ್ನು ಆಯಿಗೆ ತಿಳಿಸಿ ಹೇಳುವುದು ಬೇಕಾಗಲಿಲ್ಲ. ಆಯಿ ಒಂದು ಕೈ ನೆಲಕ್ಕೂರಿ ಎದ್ದಳು. ಸೀರೆಯ ಮಣ್ಣು ಕೊಡವಿದಳು. "ಮಳಿ ಬರೂದ್ರೊಳಗ ನನ್ನ ಒಡ್ಡು ನನಗ ಕಟ್ಟಿಕೊಡಬೇಕು" ಎಂದಳು. ಸಾಹೇಬ ಹವಾಲ್ದಾರನ ಕಡೆ ನೋಡಿದ. ಹವಾಲ್ದಾರ ಕಾಲು ಜೋಡಿಸಿ ಸೆಟೆದು ನಿಂತು ಸಲಾಮು ಹೊಡೆದ. ಸಾಹೇಬನಿಗಲ್ಲ, ಆಯಿಗೆ. ಮೊದಲ ಗುದ್ದಲಿಯನ್ನು ಆಯಿಯೇ ಹಾಕಿದಳು. ಉಳಿದದ್ದನ್ನು ನೋಡಲು ನಿಲ್ಲದೆ ಮನೆಗೆ ನಡೆದಳು.

ಊರ ಎತ್ತುಗಳೆಲ್ಲ ಬಂದವು. ಹೆಂಗಸರು ಬುಟ್ಟಿಗಟ್ಟಲೆ ಮಣ್ಣು ಸುರಿದು ಬಿರುಕು ತುಂಬಿದರು, ಗಂಡಸರು ಕುಂಟಿ ಹೊಡೆದು ನೆಲ ಮಟ್ಟ ಮಾಡಿದರು. ಮಕ್ಕಳೆಲ್ಲ ಮೂರು ದಂಡು ಮರೆತು ಕಲ್ಲು ಆರಿಸಿದೆವು. ಅಷ್ಟು ದೊಡ್ಡ, ಅಷ್ಟು ನುಣ್ಣನೆಯ ಅಂಗಳವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಹಾರಿದ ದಿನ ಬೆಳಗಿನ ತಂಪು ಇನ್ನೂ ಇತ್ತು. ನಮ್ಮನ್ನೆಲ್ಲ ದೂರ ಕೂಡಿಸಿದರು. ಸಾಹೇಬ ಆಯಿಯ ಹತ್ತಿರ ಬಂದು ಬಗ್ಗಿ ಕಾಲು ಮುಟ್ಟಿದ. ಅವಳು ಅವನ ಕೆನ್ನೆ ಸವರಿ ನೆಟಿಗೆ ಮುರಿದಳು. ಮಿಸ್ತ್ರಿ ಮೂಗಿನ ಮೇಲೆ ತಿರುಗುವ ರೆಕ್ಕೆಯನ್ನು ಕೈಯಿಂದ ಜಗ್ಗಿ ತಿರುವಿದ. ಇಮಾನ ಗುಡುಗಿತು. ಇಬ್ಬರು ಸಿಪಾಯಿಗಳು ಅದರ ಬಾಲ ಹಿಡಿದು ನಿಂತಿದ್ದರು, ಅವರ ಅಂಗಿ ಗಾಳಿಗೆ ಹರಿದುಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಬಿಟ್ಟರು. ಅದು ಓಡಿತು. ಕುಲುಕಾಡುತ್ತ, ವಾಲಾಡುತ್ತ, ಒಡ್ಡು ಇದ್ದ ಜಾಗವನ್ನು ದಾಟಿ ಓಡಿತು. ಏಳಲಿಲ್ಲ. ಇನ್ನೂ ಏಳಲಿಲ್ಲ. ಖತಿಜಾ ನನ್ನ ಕೈಗೆ ಉಗುರು ಊರಿದಳು.

ಆಮೇಲೆ ಗಾಲಿಗೂ ನೆಲಕ್ಕೂ ನಡುವೆ ಬೆಳಕು ಕಂಡಿತು.

ಮೊದಲು ಒಂದು ಗೆರೆಯಷ್ಟು. ಆಮೇಲೆ ಗೇಣಷ್ಟು. ಆಮೇಲೆ ಬನ್ನಿಗಿಡವೇ ಅದರ ಕೆಳಗಿತ್ತು. ನಾನು ಬಟ್ಟೆ ಎಂದು ಮುಟ್ಟಿದ್ದ, ಖತಿಜಾ ಆನಿಕೊಂಡು ನಿಂತಿದ್ದ, ನಮ್ಮ ಕರು ಒಮ್ಮೆ ನೆಕ್ಕಿ ನೋಡಿದ್ದ ಆ ವಸ್ತು ಹೊಸ ಬಿಸಿಲಿನಲ್ಲಿ ಹೊಳೆಯುತ್ತ ಏರಿತು. ಒಂದು ಸುತ್ತು ತಿರುಗಿ, ನಮ್ಮ ಮೇಲೆ ಬಂದು, ರೆಕ್ಕೆಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸಿತು. ಗೌಡರು ತಮಗೆ ಅರಿವಿಲ್ಲದೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಆಯಿ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, ಅದು ಚುಕ್ಕೆಯಾಗಿ ಕರಗುವವರೆಗೂ ನೋಡಿದಳು. ಕರಗಿದ ಮೇಲೂ ನೋಡಿದಳು.

ಗಾಳಿ ದಂಡೇ ದೊಡ್ಡದು ಎಂದು ಆ ಕ್ಷಣ ಮನಸ್ಸಿನಲ್ಲೇ ಒಪ್ಪಿಕೊಂಡೆ. ಆದರೆ ಮಧ್ಯಾಹ್ನ ಹೊಲಕ್ಕೆ ಹೋದರೆ ಹವಾಲ್ದಾರನೂ ಸಿಪಾಯಿಗಳೂ ಅಂಗಿ ಬಿಚ್ಚಿ ಬುಟ್ಟಿ ಹೊತ್ತಿದ್ದರು. ಹಾರಿದವನು ಹಾರಿಹೋಗಿದ್ದ, ಉಳಿದವರು ಇವರು. ಬೆನ್ನ ತುಂಬ ಬೆವರು, ಬೆವರಿಗೆ ಅಂಟಿದ ಕಪ್ಪು ಮಣ್ಣು. ಊರ ಮಂದಿಯೂ ಕೂಡಿಕೊಂಡರು. ಒಡ್ಡು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಸಿಡಿಲು ಗುಡುಗಿನ ದೊಡ್ಡ ಮಳೆ ಬಂದೇಬಿಟ್ಟಿತು. ಕಟ್ಟದೆ ಉಳಿದ ಕಂಡಿಯಲ್ಲಿ ಕಪ್ಪಗೆ ನೊರೆಗಟ್ಟಿ ನೀರು ನುಗ್ಗಿತು. ಹವಾಲ್ದಾರ ನೀರಿನಲ್ಲಿ ಇಳಿದು ಅಡ್ಡ ನಿಂತ, ಅವನ ಪಕ್ಕ ಸಿಪಾಯಿಗಳು, ಅವರ ಪಕ್ಕ ಅಪ್ಪ. ಅವರ ಕಾಲುಗಳ ಹಿಂದೆ ಉಳಿದವರು ಕಲ್ಲಿಟ್ಟರು. ಒಂದು ಮೂಲೆ ಕೊಚ್ಚಿಹೋಯಿತು, ಆ ವರ್ಷ ಅಲ್ಲಿ ಜೋಳ ಏಳಲಿಲ್ಲ. ಮಿಕ್ಕದ್ದು ನಿಂತಿತು. ಅವರು ಹೊರಟಾಗ ಆಯಿ ಕಟಕ ರೊಟ್ಟಿಯ ದೊಡ್ಡ ಗಂಟು ಕಟ್ಟಿಕೊಟ್ಟಳು. "ಇವರೂ ಯಾವಾಕಿಗೋ ಮಕ್ಕಳ" ಎಂದಷ್ಟೇ ಅಂದಳು.

ಯುದ್ಧ ಮುಗಿದ ಮೇಲೆ ಒಂದು ದಿನ ಬಸಣ್ಣ ಕಾಕಾ ಬಂದ. ಒಣಗಿದ ಕಟ್ಟಿಗೆಯ ಹಾಗಿದ್ದ, ಎಡಗಾಲು ಎಳೆಯುತ್ತಿದ್ದ. ಆಯಿ ಅವನನ್ನು ಅಂಗಳದಲ್ಲಿ ಕೂಡಿಸಿ ತಲೆಗೆ ಎಣ್ಣೆ ಹಚ್ಚುತ್ತ, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಒಂದೇ ಒಂದು ಪ್ರಶ್ನೆ ಕೇಳಿದಳು. "ನಿಮ್ಮ ಮ್ಯಾಲ ಇಮಾನ ಬರತಿತ್ತಾ?"

"ಬರತಿದ್ದುವವ್ವ. ಒಂದೊಂದರ ಸದ್ದ ಬ್ಯಾರೆ. ವೈರಿಗಳದು ಕೇಳಿದ್ರ ಬೋರಲ ಬೀಳತಿದ್ವಿ. ನಮ್ಮದು ಕೇಳಿದ್ರ ಕಾಣಲಿ ಬಿಡಲಿ, ಟೊಪಗಿ ತಗದು ಬೀಸತಿದ್ವಿ."

ಆಯಿ ಎಣ್ಣೆಯ ಕೈ ನಿಲ್ಲಿಸಿದಳು. ತುಟಿ ಕೂಡಿಸಿ, ಗಂಟಲೊಳಗಿಂದ ಒಂದು ಸದ್ದು ತೆಗೆದಳು. ಹೆಜ್ಜೇನಿನ ಹಾಗೆ ಶುರುವಾಗಿ, ಏರುತ್ತ ಏರುತ್ತ, ತಲೆಯ ಮೇಲೆ ಬಂದು, ದೂರ ಹೋಗಿ ಕರಗುವ ಸದ್ದು. ಎಲೆ ಜಗಿದು ಕೆಂಪಾದ ಆ ಮುದುಕಿಯ ಬಾಯಲ್ಲಿ ನಾನು ಇಮಾನವನ್ನೇ ಕೇಳಿದೆ. ನನ್ನವ್ವ ಒಳಗಿಂದ ಓಡಿಬಂದಳು. ನಮಗೆ ನಗು ಬಂತು. ಕಾಕಾ ನಗಲಿಲ್ಲ. ತಲೆ ತಗ್ಗಿಸಿಕೊಂಡೇ ಅಂದ:

"ಅದ ಅವ್ವ. ಅದ ಸದ್ದ."

ಅದು ಖರೆಯೋ, ತಾಯಿಯ ಸಲುವಾಗಿ ಅಂದ ಮಾತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಈಗ ಅವರು ಯಾರೂ ಇಲ್ಲ. ಖತಿಜಾಳೂ ಹೋಗಿ ಬಹಳ ವರ್ಷವಾಯಿತು. ಕಾಲುವೆ ಬಂದು ಎರಿ ಹೊಲ ಗದ್ದೆಯಾಯಿತು, ನೆಲದಲ್ಲಿ ಬಿರುಕೇ ಬೀಳುವುದಿಲ್ಲ. ನನ್ನ ಮರಿಮಗ ಫೋನು ಹಿಡಿದು, ಯಾವ ದೇಶಕ್ಕೆ ಎಷ್ಟು ಹಡಗು, ಎಷ್ಟು ವಿಮಾನ, ಎಷ್ಟು ಲಕ್ಷ ಸೈನಿಕರು ಎಂದು ಗಿಣಿಯ ಹಾಗೆ ಒಪ್ಪಿಸುತ್ತಾನೆ. ಯಾವ ಪಡೆ ಗೆಲ್ಲುತ್ತದೆ ಎಂದೂ ಹೇಳುತ್ತಾನೆ. ಅವನ ಲೆಕ್ಕ ಸರಿಯೇ ಇರಬೇಕು. ಅದೇ ಹೊತ್ತಿನಲ್ಲಿ ಮನೆಯ ಮೇಲೆ ವಿಮಾನ ಹೋದರೆ ಅವನು ತಲೆಯೆತ್ತುವುದಿಲ್ಲ. ಬೀದಿಯಲ್ಲಿ ಯಾರೂ ಎತ್ತುವುದಿಲ್ಲ. ಹಾರುವುದನ್ನು, ನಡೆಯುವುದನ್ನು, ಮುಳುಗುವುದನ್ನು ನಾವು ಬಲ್ಲವರಾಗಿದ್ದೇವೆ. ಇಮಾನ ಎದ್ದ ಆ ಬೆಳಗ್ಗೆ ನಮಗೆ ಏನೂ ಗೊತ್ತಿರಲಿಲ್ಲ. ಗೌಡರು, ಆಳುಗಳು, ಹೆಂಗಸರು, ಮಕ್ಕಳು, ಸಿಪಾಯಿಗಳು ಎಲ್ಲರೂ ಕತ್ತು ಮೇಲೆತ್ತಿ, ಒಬ್ಬರ ಉಸಿರು ಒಬ್ಬರಿಗೆ ಕೇಳುವ ಹಾಗೆ ನಿಂತಿದ್ದೆವು. ಅಷ್ಟು ಮಂದಿ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.